"ಸರ್ವರ್ ಒಳಗ ಬಿಡವಲ್ದು, ಕಾಕಾ": ಮೈಎಸ್‌ಕ್ಯೂಎಲ್‌ಗೆ ಲಾಗಿನ್ ಆಗುವ ದಾರಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಇದ್ದ ದಿನ ನನ್ನ ಅಣ್ಣನ ಮಗ ಫೋನ್ ಮಾಡುವುದಿಲ್ಲ. ಮಾಡಿದನೆಂದರೆ ಏನೋ ಕೆಟ್ಟು ನಿಂತಿದೆ ಎಂದೇ ಅರ್ಥ. ಅವನು ಅಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ. ಹೋದ ಸೀಸನ್ನಿನ ಒಂದು ಗುರುವಾರ ಫೋನ್ ಬಂತು. ಹಿಂದೆ ಹಮಾಲರ ಗದ್ದಲ ಕೇಳುತ್ತಿತ್ತು. ಲಾಟಿಗೆ ಟೆಂಡರ್ ಬಿದ್ದು, ರೈತರು ಪಟ್ಟಿಗಾಗಿ (ಮಾರಾಟದ ಲೆಕ್ಕದ ಚೀಟಿ) ಕಾಯುತ್ತಿದ್ದರು.

"ಕಾಕಾ, ಪಾಸ್‌ವರ್ಡ್ ಬರೋಬರಿ ಐತಿ. ಸರ್ವರ್ ಒಳಗ ಬಿಡವಲ್ದು."

"ನಂಬರ್ ಏನ್ ಬಂದೈತಿ?"

"ಯಾವ ನಂಬರ್?"

ಈ ಬರಹ ಹುಟ್ಟಿದ್ದು ಅವನ ಆ ಮರುಪ್ರಶ್ನೆಯಿಂದ. ಡೇಟಾಬೇಸ್ ಸರ್ವರ್ ನಿಮ್ಮನ್ನು ಸುಮ್ನೆ ಹೊರಗೆ ನಿಲ್ಲಿಸುವುದಿಲ್ಲ. ಎಲ್ಲಿ ತಡೆದೆ ಎಂದು ಒಂದು ನಂಬರ್ ಕೊಟ್ಟೇ ತಡೆಯುತ್ತದೆ. ಅದನ್ನು ಓದದೆ ಪಾಸ್‌ವರ್ಡ್ ಬದಲಿಸುವುದು, ಸರ್ವರನ್ನು ಆಫ್ ಮಾಡಿ ಆನ್ ಮಾಡುವುದು, ಎಲ್ಲವನ್ನೂ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುವುದು ಇವೆಲ್ಲ ನಾನೂ ಮಾಡಿದ ಕೆಲಸಗಳೇ.

ಅಂಗಡಿಯ ವ್ಯವಸ್ಥೆ ಸಾದಾ. ಮೂಲೆಯಲ್ಲಿ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿದ ಹಳೆಯ ಕಂಪ್ಯೂಟರ್ ಇದೆ, ಅದರಲ್ಲಿ ಮೈಎಸ್‌ಕ್ಯೂಎಲ್ 8 ಎಂಬ ಡೇಟಾಬೇಸ್ ಪ್ರೋಗ್ರಾಂ ಓಡುತ್ತದೆ. ಹುಡುಗನ ಮುಂದೆ ವಿಂಡೋಸ್ ಲ್ಯಾಪ್‌ಟಾಪ್. ಎರಡೂ ಒಂದೇ ರೌಟರ್‌ಗೆ ಸೇರಿವೆ. ನಾನು ಹುಬ್ಬಳ್ಳಿಯಲ್ಲಿ ಕೂತು ಫೋನಿನಲ್ಲಿ ಹೇಳುತ್ತೇನೆ, ಅವನು ಟೈಪ್ ಮಾಡುತ್ತಾನೆ. ಕೆಳಗಿನ ಕಮಾಂಡ್‌ಗಳನ್ನೂ ಫೋನಿನಲ್ಲಿ ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ನೀವು ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ. ಗೆರೆ, ಚುಕ್ಕಿ, ಅಲ್ಪವಿರಾಮ, ಉದ್ಧರಣ ಚಿಹ್ನೆ, ಅಂಕಿ ಇದ್ದ ಹಾಗೇ ಇರಲಿ.

ಮೊದಲು ಒಂದು ಚೀಟಿ

ಕೀಬೋರ್ಡ್ ಮುಟ್ಟುವ ಮುಂಚೆ ಐದು ವಿಷಯ ಬರೆದುಕೊಳ್ಳಿ: ಸರ್ವರ್‌ನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ವಿಳಾಸ), ಪೋರ್ಟ್ ನಂಬರ್ (ಆ ಕಂಪ್ಯೂಟರಿನಲ್ಲಿ ಡೇಟಾಬೇಸಿನ ಬಾಗಿಲ ಸಂಖ್ಯೆ), ಯೂಸರ್ ಹೆಸರು, ಪಾಸ್‌ವರ್ಡ್, ಡೇಟಾಬೇಸ್ ಹೆಸರು. ನಮ್ಮ ಉದಾಹರಣೆಯಲ್ಲಿ ವಿಳಾಸ 192.168.1.20, ಯೂಸರ್ "ಲೆಕ್ಕ", ಡೇಟಾಬೇಸ್ "ಪಟ್ಟಿ". ಮೈಎಸ್‌ಕ್ಯೂಎಲ್‌ನ ಪೋರ್ಟ್ ಸಾಮಾನ್ಯವಾಗಿ 3306. ನಿಮ್ಮಲ್ಲಿ ಪೋಸ್ಟ್‌ಗ್ರೆಸ್ ಇದ್ದರೆ 5432, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಆದರೆ 1433, ಒರಾಕಲ್ ಆದರೆ 1521.

ಪಾಸ್‌ವರ್ಡ್ ಇರುವ ಚೀಟಿಯನ್ನು ಕ್ಯಾಲೆಂಡರ್ ಹಿಂದೆ ಅಂಟಿಸಬೇಡಿ. ಅಂಟಿಸಿದ್ದನ್ನು ನೋಡಿದ್ದೇನೆ.

ಸರ್ವರ್ ಮುಂದೆಯೇ ಕೂತು ಒಳಗೆ ಹೋಗಿ

ದೂರದಿಂದ ಬರುವುದು ಆಮೇಲೆ. ಮೊದಲು ಡೇಟಾಬೇಸ್ ಜೀವಂತ ಇದೆಯಾ ನೋಡಬೇಕು. ಸರ್ವರ್ ಕಂಪ್ಯೂಟರಿನಲ್ಲೇ ಟರ್ಮಿನಲ್ (ಕಮಾಂಡ್ ಹೊಡೆಯುವ ಕಪ್ಪು ಕಿಟಕಿ) ತೆರೆದು ಇಷ್ಟು ಹೊಡೆಯಿರಿ:

ಸುಡೊ ಮೈಎಸ್‌ಕ್ಯೂಎಲ್

ಕೇಳುವುದು ಉಬುಂಟುವಿನ ಪಾಸ್‌ವರ್ಡ್, ಡೇಟಾಬೇಸಿನದಲ್ಲ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಹಾಕಿದಾಗ ಅದರ ರೂಟ್ ಎಂಬ ಮುಖ್ಯ ಖಾತೆಗೆ ಪಾಸ್‌ವರ್ಡೇ ಇರುವುದಿಲ್ಲ. ಕಂಪ್ಯೂಟರಿನ ರೂಟ್ ಆಗಿ ಬಂದವನನ್ನು ಅದು ಹಾಗೇ ಒಳಗೆ ಬಿಡುತ್ತದೆ. ಇದು ಗೊತ್ತಿಲ್ಲದೆ "ರೂಟ್ ಪಾಸ್‌ವರ್ಡ್ ಮರೆತೆ" ಎಂದು ತಲೆ ಕೆಡಿಸಿಕೊಳ್ಳುವವರು ಬಹಳ.

ಮೈಎಸ್‌ಕ್ಯೂಎಲ್ ಎಂಬ ಹೆಸರು ಮತ್ತು ಬಾಣದ ಗುರುತು ಕಂಡರೆ ನೀವು ಒಳಗಿದ್ದೀರಿ. 2002 ಎಂಬ ನಂಬರ್ ಬಂದು ಸಾಕೆಟ್ ಎಂಬ ಪದ ಕಂಡರೆ ಡೇಟಾಬೇಸ್ ಓಡುತ್ತಲೇ ಇಲ್ಲ ಎಂದು ಹಿಡಿಯಿರಿ. ಸುಡೊ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಮೈಎಸ್‌ಕ್ಯೂಎಲ್ ಎಂದು ಹೊಡೆದು ಎಬ್ಬಿಸಿ. ಏಳದಿದ್ದರೆ ಡಿಸ್ಕ್ ತುಂಬಿದೆಯಾ ನೋಡಿ. ಹಳೆಯ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಅದೇ ಕಾರಣ.

ಯಾವೂರು, ಯಾರ ಪೈಕಿ?

ಮೈಎಸ್‌ಕ್ಯೂಎಲ್‌ನಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ. ಸ್ವಲ್ಪ ನಿಧಾನ ಓದಿ.

ನಮ್ಮ ಕಡೆ ಹೊಸಬರು ಊರೊಳಗೆ ಬಂದರೆ ಕಟ್ಟೆ ಮೇಲೆ ಕೂತ ಹಿರಿಯರು ಹೆಸರು ಕೇಳಿ ಸುಮ್ಮನಾಗುವುದಿಲ್ಲ. "ಯಾವೂರು?" ಎಂದು ಕೇಳಿಯೇ ಕೇಳುತ್ತಾರೆ. ಅಡ್ಡಹೆಸರುಗಳೂ ಹಾಗೇ ಅಲ್ವಾ? ಹಾನಗಲ್ಲ, ಮುಧೋಳ, ಬ್ಯಾಡಗಿ ಎಂದು ಊರೇ ಹೆಸರಿಗೆ ಅಂಟಿಕೊಂಡಿರುತ್ತದೆ. ಇಬ್ಬರು ಬಸವರಾಜರಿದ್ದರೆ ಊರಿನಿಂದಲೇ ಯಾರೆಂದು ತಿಳಿಯಬೇಕು.

ಮೈಎಸ್‌ಕ್ಯೂಎಲ್ ಕೂಡ ಇದೇ ಜಾತಿ. ಅದರ ಕಣ್ಣಿಗೆ "ಲೆಕ್ಕ" ಎಂಬುದು ಪೂರ್ತಿ ಹೆಸರಲ್ಲ. ಎಲ್ಲಿಂದ ಬಂದ ಲೆಕ್ಕ ಎಂಬುದೂ ಸೇರಿದರೆ ಒಂದು ಖಾತೆ. ಸರ್ವರ್ ಕಂಪ್ಯೂಟರಿನಲ್ಲೇ ಕೂತ ಲೆಕ್ಕ ಬೇರೆ, ಪಕ್ಕದ ಲ್ಯಾಪ್‌ಟಾಪಿನಿಂದ ಬಂದ ಲೆಕ್ಕ ಬೇರೆ. ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬಹುದು, ಬೇರೆ ಬೇರೆ ಅಧಿಕಾರ ಇರಬಹುದು. ಒಬ್ಬನ ಪಾಸ್‌ವರ್ಡ್ ಬದಲಿಸಿದರೆ ಇನ್ನೊಬ್ಬನದು ಹಳೆಯದೇ ಉಳಿಯುತ್ತದೆ.

ಅಂಗಡಿಯೊಳಗಿನ ಕಂಪ್ಯೂಟರ್‌ಗಳಿಂದ ಮಾತ್ರ ಬರಬಲ್ಲ ಖಾತೆ ಮಾಡೋಣ. ಈಗಾಗಲೇ ಒಳಗಿದ್ದೀರಲ್ಲ, ಅಲ್ಲೇ ಹೊಡೆಯಿರಿ:

ಕ್ರಿಯೇಟ್ ಯೂಸರ್ 'ಲೆಕ್ಕ'@'192.168.1.%' ಐಡೆಂಟಿಫೈಡ್ ಬೈ 'ನಿಮ್ಮ ಪಾಸ್‌ವರ್ಡ್';

ಗ್ರ್ಯಾಂಟ್ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್ ಆನ್ ಪಟ್ಟಿ.* ಟು 'ಲೆಕ್ಕ'@'192.168.1.%';

ಶೇಕಡಾ ಗುರುತು ಎಂದರೆ "ಇಲ್ಲಿ ಏನಿದ್ದರೂ ಸರಿ". 192.168.1 ಎಂದು ಶುರುವಾಗುವ ಯಾವ ವಿಳಾಸದಿಂದಲಾದರೂ ಬರಬಹುದು, ಬೇರೆ ಕಡೆಯಿಂದ ಬೇಡ. ಹೆಸರಿಗೆ ಒಂದು ಜೋಡಿ ಉದ್ಧರಣ ಚಿಹ್ನೆ, ವಿಳಾಸಕ್ಕೆ ಬೇರೆ ಜೋಡಿ. ಎರಡನ್ನೂ ಒಂದೇ ಜೋಡಿಯೊಳಗೆ ಹಾಕಿದರೆ ಅದಷ್ಟೂ ಸೇರಿ ವಿಚಿತ್ರ ಹೆಸರಿನ ಒಬ್ಬ ಯೂಸರ್ ಹುಟ್ಟುತ್ತಾನೆ. ಎರರ್ ಕೂಡ ಬರುವುದಿಲ್ಲ!

ನೋಡುವ, ಸೇರಿಸುವ, ತಿದ್ದುವ ಅಧಿಕಾರ ಕೊಟ್ಟೆವು. ಡಿಲೀಟ್ ಅಧಿಕಾರ ಕೊಟ್ಟಿಲ್ಲ, ಗಮನಿಸಿ. ಬೇಕೆಂದೇ ಬಿಟ್ಟಿದ್ದೇನೆ. ಪಟ್ಟಿ ಬರೆಯುವವನಿಗೆ ಪಟ್ಟಿ ಅಳಿಸುವ ಕೆಲಸ ಇರುವುದಿಲ್ಲ. ವಿಳಾಸದ ಜಾಗದಲ್ಲಿ ಬರೀ ಶೇಕಡಾ ಗುರುತು ಹಾಕಿ "ಎಲ್ಲ ಅಧಿಕಾರ" ಕೊಟ್ಟುಬಿಡಿ, ಕೆಲಸ ಆಗುತ್ತದೆ ಎನ್ನುವ ಸಲಹೆ ನಿಮಗೂ ಸಿಕ್ಕೀತು. ಆಗುತ್ತದೆ, ನಿಜ. ತಿಜೋರಿ ತೆರೆದಿಟ್ಟರೂ ಹಣ ತೆಗೆಯುವುದು ಸುಲಭವೇ. ಇನ್ನೊಂದು ಮಾತು: ಗ್ರ್ಯಾಂಟ್ ಆದ ಮೇಲೆ ಫ್ಲಶ್ ಪ್ರಿವಿಲೆಜಸ್ ಎಂದು ಹೊಡೆಯುವ ಹಳೆಯ ರೂಢಿ ಇದೆ. ಗ್ರ್ಯಾಂಟ್ ತಕ್ಷಣವೇ ಜಾರಿಯಾಗುತ್ತದೆ, ಅದರ ಅಗತ್ಯ ಇಲ್ಲ.

ಬಾಗಿಲು ತೆರೆದಿದೆಯಾ?

ಖಾತೆ ಇದ್ದರೆ ಸಾಲದು, ಸರ್ವರ್ ಹೊರಗಿನ ದನಿ ಕೇಳಿಸಿಕೊಳ್ಳಬೇಕು. ಉಬುಂಟುವಿನ ಮೈಎಸ್‌ಕ್ಯೂಎಲ್ ಹಾಕಿದ ಹೊಸತರಲ್ಲಿ ತನ್ನೊಳಗಿನ ವಿಳಾಸವಾದ 127.0.0.1ರಲ್ಲಿ ಮಾತ್ರ ಕೇಳುತ್ತದೆ. ಮೈಎಸ್‌ಕ್ಯೂಎಲ್‌ಡಿ ಡಾಟ್ ಸಿಎನ್‌ಎಫ್ ಎಂಬ ಫೈಲ್ ಇಟಿಸಿ ಫೋಲ್ಡರಿನ ಮೈಎಸ್‌ಕ್ಯೂಎಲ್ ಒಳಗೆ, ಮೈಎಸ್‌ಕ್ಯೂಎಲ್ ಡಾಟ್ ಕಾನ್ಫ್ ಡಾಟ್ ಡಿ ಫೋಲ್ಡರಿನಲ್ಲಿದೆ. ಅದರಲ್ಲಿ ಬೈಂಡ್-ಅಡ್ರೆಸ್ ಎಂಬ ಸಾಲು ಹುಡುಕಿ. 127.0.0.1 ಇದ್ದಲ್ಲಿ 192.168.1.20 ಎಂದು ಬದಲಿಸಿ, ಮೈಎಸ್‌ಕ್ಯೂಎಲ್ ರೀಸ್ಟಾರ್ಟ್ ಮಾಡಿ. ಈ ಹೊಸ ವಿಳಾಸ ಮತ್ತು 127.0.0.1 ಎರಡನ್ನೂ ಅಲ್ಪವಿರಾಮ ಹಾಕಿ ಬರೆಯುವುದು ಇನ್ನೂ ಒಳ್ಳೆಯದು. ಕೊನೆಯಲ್ಲಿ ಬೇಕಾಗುತ್ತದೆ. ಎರಡು ವಿಳಾಸ ಬರೆಯುವ ಸೌಲಭ್ಯ 8.0.13ರಿಂದ ಇದೆ.

ಉಬುಂಟುವಿನ ಫೈರ್‌ವಾಲ್ (ಹೊರಗಿನ ಕನೆಕ್ಷನ್ ತಡೆಯುವ ಕಾವಲು) ಚಾಲೂ ಇದ್ದರೆ ಅದಕ್ಕೂ ಹೇಳಬೇಕು:

ಸುಡೊ ಯುಎಫ್‌ಡಬ್ಲ್ಯೂ ಅಲೋ ಫ್ರಮ್ 192.168.1.0/24 ಟು ಎನಿ ಪೋರ್ಟ್ 3306 ಪ್ರೋಟೊ ಟಿಸಿಪಿ

ಈಗ ಲ್ಯಾಪ್‌ಟಾಪ್ ಕಡೆ ಬನ್ನಿ. ಪಿಂಗ್ ಮಾಡಿ (ಆ ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಇದೆಯಾ ಎಂದು ಕೂಗಿ ನೋಡಿ) ಉತ್ತರ ಬಂತೆಂದು ಖುಷಿಪಡಬೇಡಿ. ಅದು ಊರಿನ ಅಗಸಿ ಮುಟ್ಟಿದ ಲೆಕ್ಕ ಅಷ್ಟೇ. ಮನೆ ಬಾಗಿಲು ತೆರೆದಿದೆಯಾ ಎಂದು ತಿಳಿಯಲು ವಿಂಡೋಸಿನ ಪವರ್‌ಶೆಲ್‌ನಲ್ಲಿ ಹೊಡೆಯಿರಿ:

ಟೆಸ್ಟ್-ನೆಟ್‌ಕನೆಕ್ಷನ್ 192.168.1.20 -ಪೋರ್ಟ್ 3306

ಕೊನೆಯ ಸಾಲಿನಲ್ಲಿ ಟ್ರೂ ಎಂದು ಬಂದರೆ ಬಾಗಿಲು ತೆರೆದಿದೆ. ಫಾಲ್ಸ್ ಬಂದರೆ ಯೂಸರ್, ಪಾಸ್‌ವರ್ಡ್ ವಿಚಾರಕ್ಕೇ ಹೋಗಬೇಡಿ. ಇನ್ನೂ ಅಲ್ಲಿಗೆ ತಲುಪಿಲ್ಲ.

ಲಾಗಿನ್

ಮೈಎಸ್‌ಕ್ಯೂಎಲ್ -ಎಚ್ 192.168.1.20 -ಯು ಲೆಕ್ಕ -ಪಿ ಪಟ್ಟಿ

ಎಚ್ ಎಂದರೆ ಸರ್ವರ್ ವಿಳಾಸ, ಯು ಎಂದರೆ ಯೂಸರ್. ಸಣ್ಣಕ್ಷರದ ಪಿ ಎಂದರೆ ಪಾಸ್‌ವರ್ಡ್ ಕೇಳು, ದೊಡ್ಡಕ್ಷರದ ಪಿ ಎಂದರೆ ಪೋರ್ಟ್. ಇಲ್ಲಿ ಎಲ್ಲವೂ ಸಣ್ಣಕ್ಷರ. ಕೊನೆಯ "ಪಟ್ಟಿ" ಡೇಟಾಬೇಸಿನ ಹೆಸರು, ಪಾಸ್‌ವರ್ಡ್ ಅಲ್ಲ. ನಾನು ಕಲಿಯುವಾಗ ಪಿ ಬರೆದು, ಜಾಗ ಬಿಟ್ಟು, ಪಾಸ್‌ವರ್ಡ್ ಹೊಡೆಯುತ್ತಿದ್ದೆ. ಅದು ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಕೊಟ್ಟರೆ "ಈ ಹೆಸರಿನ ಡೇಟಾಬೇಸ್ ಇಲ್ಲ" ಎಂದು ನನ್ನ ಪಾಸ್‌ವರ್ಡನ್ನೇ ಪರದೆ ಮೇಲೆ ಬರೆದು ತೋರಿಸುತ್ತಿತ್ತು. ಪಕ್ಕದಲ್ಲಿ ಇಬ್ಬರು ಕೂತಿದ್ದರು! ಜಾಗ ಬಿಡದೆ ಅಂಟಿಸಿ ಬರೆದರೆ ಕೆಲಸ ಆಗುತ್ತದೆ, ಆದರೆ ಲಿನಕ್ಸ್‌ನಲ್ಲಿ ಅದು ಕಮಾಂಡ್‌ಗಳ ಇತಿಹಾಸದಲ್ಲಿ ಉಳಿದುಬಿಡುತ್ತದೆ. ಕೇಳಿದಾಗಲೇ ಕೊಡುವುದು ಒಳ್ಳೆಯದು.

ವಿಂಡೋಸ್ "ಮೈಎಸ್‌ಕ್ಯೂಎಲ್ ಎಂಬ ಕಮಾಂಡೇ ಗೊತ್ತಿಲ್ಲ" ಎಂದರೆ ಆ ಪ್ರೋಗ್ರಾಂ ಇರುವ ಬಿನ್ ಫೋಲ್ಡರಿಗೆ ಹೋಗಿ ಅಲ್ಲಿಂದ ಓಡಿಸಿ. ಕಪ್ಪು ಕಿಟಕಿ ಬೇಡವೆನ್ನುವವರಿಗೆ ವರ್ಕ್‌ಬೆಂಚ್ ಇದೆ, ಡಿಬೀವರ್ ಇದೆ. ಅಲ್ಲೂ ತುಂಬಬೇಕಾದ್ದು ಚೀಟಿಯಲ್ಲಿರುವ ಅದೇ ಐದು ವಿಷಯ.

ನಂಬರ್ ಓದುವುದು

ಆ ಗುರುವಾರಕ್ಕೆ ಮರಳೋಣ. ಹುಡುಗ ಪರದೆ ನೋಡಿ ಓದಿದ: "2003. ಬ್ರ್ಯಾಕೆಟ್‌ನ್ಯಾಗ 10060."

"ಹಂಗಾರ ನಿನ್ ಪಾಸ್‌ವರ್ಡ್ ಯಾರೂ ನೋಡೇ ಇಲ್ಲ ಬಿಡು."

"ಕೇಳಿತ್ತಲ್ಲ ಕಾಕಾ?"

ಕೇಳಿದ್ದು ಸರ್ವರ್ ಅಲ್ಲ. ಅವನ ಲ್ಯಾಪ್‌ಟಾಪಿನಲ್ಲೇ ಇರುವ ಮೈಎಸ್‌ಕ್ಯೂಎಲ್ ಕ್ಲೈಂಟ್. ಅದು ಮೊದಲು ಪಾಸ್‌ವರ್ಡ್ ಕೇಳಿ ಇಟ್ಟುಕೊಂಡು ಆಮೇಲೆ ಸರ್ವರ್ ಹುಡುಕಲು ಹೊರಡುತ್ತದೆ. ಪಾಸ್‌ವರ್ಡ್ ಕೇಳಿತು ಎಂದರೆ ಸರ್ವರ್ ಸಿಕ್ಕಿತು ಎಂದು ತಿಳಿಯಬಾರದು.

2003 ಎಂದರೆ ಸರ್ವರ್‌ವರೆಗೆ ಹೋಗಲಾಗಲಿಲ್ಲ. ಜೊತೆಗಿನ ನಂಬರ್ ಇನ್ನೂ ಹೆಚ್ಚು ಹೇಳುತ್ತದೆ. 10060 ಎಂದರೆ ಕೂಗಿದೆ, ಯಾರೂ ಓ ಎನ್ನಲಿಲ್ಲ. ವಿಳಾಸ ತಪ್ಪಿರಬಹುದು, ಕಂಪ್ಯೂಟರ್ ಆಫ್ ಇರಬಹುದು, ಫೈರ್‌ವಾಲ್ ಸದ್ದಿಲ್ಲದೆ ತಡೆದಿರಬಹುದು. 10061 ಆದರೆ ಮನೆ ಸಿಕ್ಕಿದೆ, ಬಾಗಿಲು ಮುಚ್ಚಿದೆ. ಮೈಎಸ್‌ಕ್ಯೂಎಲ್ ಓಡುತ್ತಿಲ್ಲ, ಪೋರ್ಟ್ ಬೇರೆ ಇದೆ, ಇಲ್ಲವೇ ಬೈಂಡ್-ಅಡ್ರೆಸ್ ಬದಲಿಸಿಲ್ಲ. ಲಿನಕ್ಸ್‌ನಿಂದ ಬರುವವರಿಗೆ ಇದೇ ಎರಡು 110, 111 ಎಂದು ಕಾಣುತ್ತವೆ.

ನಮ್ಮ ಹುಡುಗನ ಕಥೆ ಹೀಗಾಗಿತ್ತು. ರಾತ್ರಿ ಕರೆಂಟ್ ಹೋಗಿ ಬಂದಿತ್ತು. ರೌಟರ್ ಹೊಸದಾಗಿ ಎದ್ದು ಸರ್ವರ್‌ಗೆ ಬೇರೆ ವಿಳಾಸ ಹಂಚಿತ್ತು. ಚೀಟಿಯಲ್ಲಿ ಹಳೆಯದೇ ಇತ್ತು. ರೌಟರ್ ಸೆಟ್ಟಿಂಗ್ ಪುಟದಲ್ಲಿ ಆ ಕಂಪ್ಯೂಟರಿಗೆ 192.168.1.20 ಅನ್ನೇ ಕಾಯಂ ಮೀಸಲಿಟ್ಟು, ಎರಡನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿದೆವು. ಹತ್ತು ನಿಮಿಷದ ಕೆಲಸ. ಅದಕ್ಕೆ ಮುಂಚೆ ಅವನು ಮೂರು ಸಲ ಪಾಸ್‌ವರ್ಡ್ ಬದಲಿಸಲು ನೋಡಿದ್ದ. ನಿಮ್ಮ ಅಂಗಡಿಯಲ್ಲಿ ಸರ್ವರ್ ಇದ್ದರೆ ಈ ಕಾಯಂ ವಿಳಾಸದ ಕೆಲಸ ಇವತ್ತೇ ಮುಗಿಸಿ.

1130 ಬಂದರೆ ಸರ್ವರ್ ಸಿಕ್ಕಿದೆ, ಆದರೆ ನಿಮ್ಮ ಊರಿನವರು ಯಾರಿಗೂ ಅಲ್ಲಿ ಪ್ರವೇಶವಿಲ್ಲ. ಹೆಸರು ಕೇಳುವ ಮೊದಲೇ ವಾಪಸ್. ಖಾತೆಯ ವಿಳಾಸದ ಭಾಗ ತಿದ್ದಬೇಕು.

1045 ಎಲ್ಲರಿಗೂ ಪರಿಚಯದ ಆಕ್ಸೆಸ್ ಡಿನೈಡ್. ಅದರ ಸಾಲನ್ನು ಪೂರ್ತಿ ಓದಿ. ಹೆಸರಿನ ಮುಂದೆ @ ಹಾಕಿ ನೀವು ಎಲ್ಲಿಂದ ಬಂದಿರಿ ಎಂದು ಸರ್ವರ್ ಕಂಡಿತೋ ಅದನ್ನೇ ಬರೆದಿರುತ್ತದೆ. ನೀವು ಮಾಡಿದ ಖಾತೆಗೆ ಅದು ಹೊಂದುತ್ತದೆಯೇ ನೋಡಿ. ಕೊನೆಗೆ "ಯೂಸಿಂಗ್ ಪಾಸ್‌ವರ್ಡ್: ನೋ" ಎಂದಿದ್ದರೆ ನೀವು ಪಿ ಹಾಕುವುದನ್ನೇ ಮರೆತಿದ್ದೀರಿ. "ಯೆಸ್" ಎಂದಿದ್ದರೆ ಪಾಸ್‌ವರ್ಡ್ ತಪ್ಪು, ಅಥವಾ ಅದು ಬೇರೆ ಊರಿನ ಲೆಕ್ಕನ ಪಾಸ್‌ವರ್ಡ್.

1044 ಮತ್ತು 1142ರಲ್ಲಿ ನೀವು ಒಳಗೆ ಬಂದಾಗಿದೆ, ಕೋಣೆಯ ಕೀಲಿ ಇಲ್ಲ. ಮೊದಲನೆಯದು ಡೇಟಾಬೇಸಿಗೆ, ಎರಡನೆಯದು ಟೇಬಲ್ಲಿಗೆ. ಗ್ರ್ಯಾಂಟ್ ನೋಡಿ.

2059 ಬರುವುದು ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಪಾಸ್‌ವರ್ಡ್ ಪರೀಕ್ಷಿಸುವ ಕ್ರಮವನ್ನೇ ಬದಲಿಸಿತು. ಆ ಸಾಫ್ಟ್‌ವೇರನ್ನು ಡೇಟಾಬೇಸಿಗೆ ಜೋಡಿಸುವ ಹಳೆಯ ಡ್ರೈವರ್‌ಗೆ ಅದು ಅರ್ಥವಾಗುವುದಿಲ್ಲ. ಸರ್ವರನ್ನು ಹಳೆಯ ಕ್ರಮಕ್ಕೆ ಇಳಿಸಿ ಎಂದು ಕೆಲವರು ಹೇಳುತ್ತಾರೆ. ನಾನು ಡ್ರೈವರ್ ಹೊಸದು ಹಾಕಿ ಎನ್ನುತ್ತೇನೆ. ಆ ಹಳೆಯ ಕ್ರಮವನ್ನು ಮೈಎಸ್‌ಕ್ಯೂಎಲ್ 9.0ರಲ್ಲಿ ತೆಗೆದೇ ಹಾಕಿದ್ದಾರೆ.

ಒಳಗೆ ಬಂದ ಮೇಲೆ ಒಂದು ಸಲ ಇದನ್ನು ಹೊಡೆದು ನೋಡಿ:

ಸೆಲೆಕ್ಟ್ ಯೂಸರ್(), ಕರೆಂಟ್_ಯೂಸರ್();

ಮೊದಲನೆಯದು ನೀವು ಯಾರೆಂದು ಹೇಳಿಕೊಂಡು ಬಂದಿರಿ. ಎರಡನೆಯದು ಸರ್ವರ್ ನಿಮ್ಮನ್ನು ಯಾವ ಖಾತೆಯೆಂದು ಹಿಡಿದುಕೊಂಡಿತು. ಅಧಿಕಾರಗಳೆಲ್ಲ ಎರಡನೆಯದಕ್ಕೆ ಸೇರಿದವು. "ನಿನ್ನೆ ಗ್ರ್ಯಾಂಟ್ ಕೊಟ್ಟೆ, ಇವತ್ತು ಇಲ್ಲ" ಎಂಬ ತಕರಾರು ನನ್ನ ಬಳಿ ಬಂದಾಗಲೆಲ್ಲ ಈ ಒಂದು ಸಾಲು ಸಾಕಾಗಿದೆ.

ಕನ್ನಡ ಪ್ರಶ್ನೆಚಿಹ್ನೆ ಆದಾಗ

ರೈತರ ಹೆಸರು, ಊರು ಕನ್ನಡದಲ್ಲಿ ಬರೆದಿದ್ದಾರೆ. ತೆರೆದರೆ ಸಾಲುಸಾಲು ಪ್ರಶ್ನೆಚಿಹ್ನೆ. ಇದೂ ಕನೆಕ್ಷನ್ನಿನ ವಿಚಾರವೇ. ಟೇಬಲ್ ಯುಟಿಎಫ್8ಎಂಬಿ4 ಎಂಬ, ಕನ್ನಡವನ್ನೂ ಹಿಡಿಯುವ ಅಕ್ಷರಗಣದಲ್ಲಿದ್ದರೂ ಕನೆಕ್ಷನ್ ಬೇರೆ ಅಕ್ಷರಗಣದಲ್ಲಿ ಮಾತಾಡಿದರೆ ಕನ್ನಡ ಉಳಿಯುವುದಿಲ್ಲ. ಒಳಗೆ ಬಂದ ತಕ್ಷಣ ಸ್ಟೇಟಸ್ ಎಂದು ಹೊಡೆಯಿರಿ. ಕ್ಲೈಂಟ್ ಮತ್ತು ಕನೆಕ್ಷನ್ ಎಂದಿರುವ ಸಾಲುಗಳಲ್ಲೂ ಯುಟಿಎಫ್8ಎಂಬಿ4 ಇರಬೇಕು. ಇಲ್ಲದಿದ್ದರೆ ಸೆಟ್ ನೇಮ್ಸ್ ಯುಟಿಎಫ್8ಎಂಬಿ4 ಎಂದು ಹೇಳಿ.

ಕಪ್ಪು ಕಿಟಕಿಯಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡುವುದಿಲ್ಲ, ಅದಕ್ಕೇ ಗಾಬರಿಯಾಗಬೇಡಿ. ನಿಜವಾಗಿ ಹಾಳಾಗಿದೆಯಾ ಎಂದು ನೋಡಲು ಹೆಕ್ಸ್ ಫಂಕ್ಷನ್ನಿನಲ್ಲಿ ಆ ಕಾಲಮ್ ಹಾಕಿ, ಒಳಗೆ ಕೂತ ಬೈಟ್‌ಗಳೇ ಕಾಣುತ್ತವೆ. "ಮೆಣಸಿನಕಾಯಿ" ಸರಿಯಾಗಿ ಕೂತಿದ್ದರೆ ಇ0ಬಿ2ಎಇ ಎಂದು ಶುರುವಾಗುತ್ತದೆ, ಅದು ಮ ಅಕ್ಷರ. ಬರೀ 3ಎಫ್ 3ಎಫ್ ಎಂದು ಸಾಲಾಗಿ ಬಂದರೆ ಒಳಗೆ ಕೂತಿರುವುದೇ ಪ್ರಶ್ನೆಚಿಹ್ನೆ. ಅದು ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು.

ಹುಬ್ಬಳ್ಳಿಯಿಂದ ಬ್ಯಾಡಗಿಗೆ

ನಾನು ಇಲ್ಲಿಂದ ಆ ಸರ್ವರ್ ನೋಡಬೇಕಾದರೆ? ರೌಟರ್‌ನಲ್ಲಿ 3306 ತೆರೆದು ಇಂಟರ್ನೆಟ್ಟಿಗೆ ಬಿಡುವುದು ಸುಲಭ, ಅದನ್ನು ಮಾತ್ರ ಮಾಡಬೇಡಿ. ತೆರೆದ ಪೋರ್ಟ್ ಹುಡುಕಿಕೊಂಡು ಅಲೆಯುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ನಾವು ಎಸ್‌ಎಸ್‌ಎಚ್ ಸುರಂಗ, ಅಂದರೆ ಎರಡು ಕಂಪ್ಯೂಟರ್‌ಗಳ ನಡುವೆ ಯಾರೂ ಓದಲಾಗದಂತೆ ಮಾತು ಸಾಗಿಸುವ ದಾರಿ, ಬಳಸುತ್ತೇವೆ. ಅದಕ್ಕೆ ಅಂಗಡಿಯ ಕನೆಕ್ಷನ್‌ಗೆ ಕಾಯಂ ಐಪಿ ಬೇಕು, ಇಲ್ಲವೇ ಎರಡೂ ಕಡೆ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ನೆಟ್‌ವರ್ಕ್) ಬೇಕು. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬೇಡ, ಕೀ ಫೈಲ್ ಮಾತ್ರ ಇರಲಿ.

ಎಸ್‌ಎಸ್‌ಎಚ್ -ಎಲ್ 3307:127.0.0.1:3306 ಯೂಸರ್@ಅಂಗಡಿಯ ವಿಳಾಸ

ಇಲ್ಲಿ ಎಲ್ ದೊಡ್ಡಕ್ಷರ. ಆ ಕಿಟಕಿ ಹಾಗೇ ಇರಲಿ. ಈಗ ನನ್ನ ಕಂಪ್ಯೂಟರಿನ 3307ಕ್ಕೆ ಕೊಟ್ಟದ್ದು ಬ್ಯಾಡಗಿಯ 3306ಕ್ಕೆ ಹೋಗುತ್ತದೆ. ಬೈಂಡ್-ಅಡ್ರೆಸ್‌ನಲ್ಲಿ 127.0.0.1 ಉಳಿಸಿ ಎಂದದ್ದು ಇದಕ್ಕೇ. ಇನ್ನೊಂದು ಕಿಟಕಿಯಲ್ಲಿ:

ಮೈಎಸ್‌ಕ್ಯೂಎಲ್ -ಎಚ್ 127.0.0.1 -ಪಿ 3307 -ಯು ಲೆಕ್ಕ -ಪಿ ಪಟ್ಟಿ

ಮೊದಲ ಪಿ ದೊಡ್ಡದು, ಎರಡನೆಯದು ಸಣ್ಣದು. 127.0.0.1 ಬದಲು ಲೋಕಲ್‌ಹೋಸ್ಟ್ ಎಂದು ಬರೆದರೆ ಲಿನಕ್ಸ್‌ನಲ್ಲಿ ಅದು ಪೋರ್ಟ್ ನಂಬರನ್ನೇ ಮರೆತು ನಿಮ್ಮದೇ ಕಂಪ್ಯೂಟರಿನ ಸಾಕೆಟ್ ಫೈಲ್ (ಅದೇ ಕಂಪ್ಯೂಟರಿನೊಳಗಿನ ಬಾಗಿಲು) ಹುಡುಕುತ್ತದೆ.

ಮೊದಲ ಸಲ ಇದನ್ನು ಹೊಡೆದಾಗ ನನಗೇ 1045 ಬಂತು. ಸುರಂಗದಿಂದ ಹೊರಬಂದವನು ಸರ್ವರ್ ಕಣ್ಣಿಗೆ ಅಂಗಡಿಯ ಲ್ಯಾಪ್‌ಟಾಪಿನವನಲ್ಲ, ಸರ್ವರ್ ಮನೆಯೊಳಗಿನವನೇ. ಹುಬ್ಬಳ್ಳಿಯವನಂತೂ ಅಲ್ಲವೇ ಅಲ್ಲ. 192.168.1ರ ಲೆಕ್ಕನಿಗೆ ಕೊಟ್ಟ ಖಾತೆ ನನಗೆ ಹೊಂದಲಿಲ್ಲ. ಲೋಕಲ್‌ಹೋಸ್ಟ್ ಊರಿನ ಇನ್ನೊಬ್ಬ ಯೂಸರನ್ನು, ಬರೀ ಸೆಲೆಕ್ಟ್ ಅಧಿಕಾರ ಕೊಟ್ಟು, ಹುಡುಗನ ಕೈಯಲ್ಲೇ ಮಾಡಿಸಿದೆ.

ಫೋನ್ ಇಡುವ ಮುಂಚೆ ಅವನೇ ಕೇಳಿದ: "ಕಾಕಾ, ನಿಮಗ ನಂಬರ್ ಏನ್ ಬಂದಿತ್ತು?"